ಪ್ರತಿ: ಕ್ರಮಸಂಖ್ಯೆಯನ್ನೇ ನಕಲು ಮಾಡಿದರೆ?

ಔಷಧದ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಕ್ರಮಸಂಖ್ಯೆ ಮುದ್ರಿಸಿದರೂ ನಕಲಿ ತಯಾರಕರು ಅದನ್ನೇ ನಕಲು ಮಾಡಿಬಿಟ್ಟರೆ ಪ್ರಯೋಜನವೇನು ಎಂದು ತಾವು ಕೇಳಿದ್ದೀರಿ. ನಕಲು ಖಂಡಿತ ಸಾಧ್ಯ; ಭದ್ರತೆ ಇರುವುದು ಮುದ್ರಣದಲ್ಲಲ್ಲ, ಅದರ ಹಿಂದಿನ ದಾಖಲೆಯಲ್ಲಿ. ಐರೋಪ್ಯ ಒಕ್ಕೂಟದಲ್ಲಿ 2019ರ ಫೆಬ್ರುವರಿ 9ರಿಂದ ಜಾರಿಯಲ್ಲಿರುವ ನಿಯಮದಂತೆ, ವೈದ್ಯರ ಚೀಟಿಯ ಮೇಲೆ ಕೊಡುವ ಬಹುತೇಕ ಔಷಧಗಳ ಪ್ರತಿ ಪೆಟ್ಟಿಗೆಯ ಸಂಖ್ಯೆಯೂ ದತ್ತಸಂಚಯದಲ್ಲಿ ಸೇರಿರುತ್ತದೆ. ಔಷಧಾಲಯದವರು ಪೆಟ್ಟಿಗೆಯ ಮೇಲಿನ ಡೇಟಾಮ್ಯಾಟ್ರಿಕ್ಸ್ ಸಂಕೇತವನ್ನು (ಆ ಸಂಖ್ಯೆಯನ್ನು ಹೊತ್ತ, ಕ್ಯೂಆರ್ ಕೋಡಿನಂಥ ಚೌಕ ಗುರುತು) ಸ್ಕ್ಯಾನ್ ಮಾಡಿ ಔಷಧ ಕೊಡುವಾಗಲೇ ಆ ಸಂಖ್ಯೆ ನಿಷ್ಕ್ರಿಯವಾಗುವುದರಿಂದ, ಅದೇ ಸಂಖ್ಯೆಯ ಎರಡನೆಯ ಪೆಟ್ಟಿಗೆ ಸ್ಕ್ಯಾನಿಗೆ ಬಂದರೆ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. (ಮೊದಲು ಬಂದದ್ದೇ ನಕಲಿಯಾಗಿದ್ದರೆ ಸಿಕ್ಕಿಬೀಳುವುದು ಅಸಲಿ, ಅದು ಬೇರೆ ಮಾತು, ತನಿಖೆಗಂತೂ ಎಳೆ ಸಿಗುತ್ತದೆ.) ಸಂಖ್ಯೆಗಳನ್ನು ಸರದಿಯಂತೆ ಕೊಟ್ಟರೂ ನಡೆಯದು: ಊಹೆ ಸರಿಯಾಗುವ ಸಾಧ್ಯತೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು.

ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳಿಗೆ ಕಡ್ಡಾಯವಾದ ಕ್ಯೂಆರ್ ಕೋಡಿನಲ್ಲಿ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕಗಳು, ಪರವಾನಗಿ ಸಂಖ್ಯೆ ಇರುತ್ತವೆಯೇ ಹೊರತು, ಮಾರಾಟವಾದೊಡನೆ ಅದನ್ನು ರದ್ದುಪಡಿಸುವ ಏರ್ಪಾಡು ನಿಯಮದಲ್ಲಿಲ್ಲ. ನಕಲು ಮಾಡಿದ ಕೋಡ್ ಕೂಡ ಅದೇ ವಿವರವನ್ನು ತೋರಿಸಬಲ್ಲದು. ಆದ್ದರಿಂದ ಸ್ಕ್ಯಾನಿನಲ್ಲಿ ಬಂದ ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳನ್ನು ಸ್ಟ್ರಿಪ್ಪಿನ ಮೇಲೆ ಒತ್ತಿರುವುದರೊಂದಿಗೆ ತಾಳೆ ನೋಡಿ, ಬಿಲ್ಲನ್ನು ತಪ್ಪದೆ ಇಟ್ಟುಕೊಳ್ಳಿ.