ಕಿತ್ತಳೆ ಜಾಕೆಟ್ ಬಿಚ್ಚಿಟ್ಟು ಅಮ್ಮನಿಗೆ ಫೋನ್ ಮಾಡುತ್ತೇನೆ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 39 ವರ್ಷ. ಹೊಸದುರ್ಗದ ಹತ್ತಿರ ಒಂದು ಅನುದಾನಿತ ಹೈಸ್ಕೂಲಿನಲ್ಲಿ 11 ವರ್ಷ ಗಣಿತ ಹೇಳಿಕೊಟ್ಟೆ. ಬಿ.ಎಸ್‌ಸಿ., ಬಿ.ಎಡ್. ಮಾಡಿದ್ದೇನೆ. ಎರಡು ವರ್ಷದ ಹಿಂದೆ ಯಜಮಾನರು, ಮಗಳು, ನಾನು ಪಿ.ಆರ್. (ಕಾಯಂ ಆಗಿ ನೆಲೆಸುವ ಅನುಮತಿ) ಮೇಲೆ ಕೆನಡಾಕ್ಕೆ ಬಂದೆವು. ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿದ್ದೇವೆ. ವಾರಕ್ಕೆ ಐದು ರಾತ್ರಿ ವೇರ್‌ಹೌಸ್‌ನಲ್ಲಿ ನನ್ನ ಕೆಲಸ. ಸ್ಕ್ಯಾನರ್ ಹಿಡಿದು ಡಬ್ಬ ಹುಡುಕಿ ಟ್ರಾಲಿಗೆ ಹಾಕುವುದು. ಗಂಟೆಗೆ 19 ಡಾಲರ್.

ಒಂದು ಟ್ಯೂಷನ್ ಸೆಂಟರಿನಲ್ಲಿ ಕೆಲಸ ಕೇಳಿದೆ. "ಕೆನೆಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?" ಎಂದರು. ಇಲ್ಲ ಎಂದೆ. ಮಾತು ಅಲ್ಲಿಗೇ ಮುಗಿಯಿತು. ಯಜಮಾನರು, "ಇಬ್ಬರ ಸಂಬಳ ಬರ್ತಿದೆ, ಬಾಡಿಗೆ ನಡೀತಿದೆ, ಈಗ ಮತ್ತೆ ಓದೋದೆಲ್ಲ ಯಾಕೆ?" ಅನ್ನುತ್ತಾರೆ. ಅವರದೂ ತಪ್ಪಿಲ್ಲ. ಊರಲ್ಲಿ ಅಮ್ಮನಿಗೆ ಆಫೀಸ್ ಕೆಲಸ ಎಂದು ಹೇಳಿದ್ದೇನೆ. ಬೆಳಿಗ್ಗೆ ಶಿಫ್ಟ್ ಮುಗಿಸಿ ಬಸ್ ಸ್ಟಾಪಿನಿಂದ ವಿಡಿಯೋ ಕಾಲ್ ಮಾಡುವಾಗ ಕಿತ್ತಳೆ ಬಣ್ಣದ ಜಾಕೆಟ್ ಬಿಚ್ಚಿ ಬ್ಯಾಗಿಗೆ ತುರುಕುತ್ತೇನೆ. ಹೋದ ವಾರ ಹಳೇ ವಿದ್ಯಾರ್ಥಿಯೊಬ್ಬ "ಮಿಸ್, ಅಲ್ಲೂ ಮ್ಯಾಥ್ಸೇ ಹೇಳಿಕೊಡ್ತೀರಾ?" ಎಂದು ಮೆಸೇಜ್ ಹಾಕಿದ. ಉತ್ತರ ಕೊಡಲು ಆಗಲಿಲ್ಲ. ನನ್ನ ಕನಸು ಇಷ್ಟಕ್ಕೇ ಮುಗಿಯಿತಾ?
— ಹೆಸರು ಬೇಡ, ಬ್ರಾಂಪ್ಟನ್

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಬನ್ನು.

1993ರಲ್ಲಿ ನಾನು ಮೈಸೂರಿನಿಂದ ಟೊರೊಂಟೊಗೆ ಬಂದೆ. ಮೈಸೂರಿನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಏಳು ವರ್ಷ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ಇಲ್ಲಿ ಸಿಕ್ಕಿದ್ದು ಸ್ಕಾರ್ಬರೊದ ಬೇಕರಿ ಕಾರ್ಖಾನೆ. ಬೆಲ್ಟಿನ ಮೇಲೆ ಬನ್ನು ಬರುತ್ತವೆ. ಡಜನ್ ಎಣಿಸಿ ಚೀಲಕ್ಕೆ ಹಾಕಬೇಕು, ಬಾಯಿಗೆ ತಂತಿ ಸುತ್ತಬೇಕು. ತಲೆಗೆ ಬಲೆ, ಕೈಗೆ ಗ್ಲೌಸ್. ಹದಿನಾಲ್ಕು ತಿಂಗಳು ಇದೇ. ಗ್ಲೌಸ್ ಮಾತ್ರ ಹಳೇ ಕೆಲಸದ್ದೇ ಅಲ್ವಾ ಎಂದು ನನಗೆ ನಾನೇ ಜೋಕ್ ಮಾಡಿಕೊಂಡು ಟಾಯ್ಲೆಟ್ಟಿಗೆ ಹೋಗಿ ಅಳುತ್ತಿದ್ದೆ.

ಹಾಗಾಗಿ "ಯಾವ ಕೆಲಸವಾದರೇನು, ಕಾಯಕವೇ ಕೈಲಾಸ" ಎಂದು ನಾನು ನಿಮಗೆ ಹೇಳುವುದಿಲ್ಲ. ರಾತ್ರಿಯಿಡೀ ನಿಂತು ಕಾಲು ಊದಿಸಿಕೊಂಡವರಿಗೆ ಈ ಮಾತು ಹೇಳುವವರು ಸಾಮಾನ್ಯವಾಗಿ ಕೂತಿರುತ್ತಾರೆ.

ಒಂದು ಕೆಲಸ ಹೇಳುತ್ತೇನೆ, ಮಾಡಿ. ರಜೆಯ ದಿನ ಒಂದು ಹಾಳೆ ತೆಗೆದುಕೊಂಡು ಸ್ಕೂಲಿನದು ಏನೇನು ನೆನಪಾಗುತ್ತದೋ ಎಲ್ಲ ಬರೆಯಿರಿ. ದೊಡ್ಡ ಮಾತು ಬೇಡ. ಯಾವ ಹೊತ್ತು, ಯಾವ ಶಬ್ದ, ಯಾರು ಏನೆಂದರು, ಅಷ್ಟು ಸಾಕು. ನಾನೂ ಬರೆದಿದ್ದೆ. ಆಮೇಲೆ ಓದಿ ನೋಡಿದರೆ ನಾಚಿಕೆಯಾಯಿತು. ಅರ್ಧಕ್ಕರ್ಧ ಲ್ಯಾಬಿನ ವಿಷಯವೇ ಅಲ್ಲ. ವಾರ್ಡಿಗೆ ಹೋದರೆ "ಮೇಡಂ ಬಂದ್ರು" ಎಂದು ಆಯಾ ದಾರಿ ಬಿಡುತ್ತಿದ್ದದ್ದು, ಬಿಳಿ ಕೋಟು, ಮನೆ ಓನರ್ ಸಕ್ಕರೆ ಕಾಯಿಲೆಗೆ ನನ್ನ ಹತ್ತಿರ ಸಲಹೆ ಕೇಳುತ್ತಿದ್ದದ್ದು. ನನಗೆ ಬೇಕಾಗಿದ್ದದ್ದು ಮೈಕ್ರೋಸ್ಕೋಪಾ, ಮರ್ಯಾದೆಯಾ ಎಂದು ಅವತ್ತು ಮೊದಲ ಸಲ ಕೇಳಿಕೊಂಡೆ. ಮರ್ಯಾದೆ ಬೇಕೆನ್ನುವುದು ತಪ್ಪಲ್ಲ. ಆದರೆ ಎರಡನ್ನೂ ಒಂದೇ ಗಂಟು ಕಟ್ಟಿಕೊಂಡರೆ ಗಂಟೂ ಬಿಚ್ಚುವುದಿಲ್ಲ, ದಾರಿಯೂ ಕಾಣುವುದಿಲ್ಲ.

ನಿಮ್ಮ ಹಾಳೆಯಲ್ಲಿ ಸ್ಟಾಫ್ ರೂಮ್, "ಮಿಸ್" ಎನ್ನುವ ಕೂಗು, ಸಂತೆಯಲ್ಲಿ ಸಿಕ್ಕವರು ಕೈ ಮುಗಿಯುವುದು ಇವೇ ಜಾಸ್ತಿ ಇದ್ದರೆ ಅದು ಒಂದು ಉತ್ತರ. ಹಿಂದಿನ ಬೆಂಚಿನ ಹುಡುಗಿಗೆ ಬೀಜಗಣಿತ ಹೊಳೆದ ಕ್ಷಣದ ಮುಖ ಇದ್ದರೆ ಅದು ಇನ್ನೊಂದು. ಎರಡನೆಯದೇ ಎಂದು ಇಟ್ಟುಕೊಂಡು ಮುಂದೆ ಬರೆಯುತ್ತೇನೆ. ಯಾಕೆಂದರೆ ಆ ಹುಡುಗನ ಮೆಸೇಜಿನಲ್ಲಿ ನಿಮ್ಮನ್ನು ಚುಚ್ಚಿದ್ದು "ಮಿಸ್" ಅಲ್ಲ, "ಮ್ಯಾಥ್ಸ್" ಎಂದು ನನಗೆ ಅನಿಸಿತು.

ಈಗ ಕಾಗದ ಪತ್ರದ ವಿಷಯ. ಒಂಟಾರಿಯೊದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್‌ನ ಸರ್ಟಿಫಿಕೇಟ್ ಬೇಕು. ಹೆಸರು ಕಾಲೇಜ್ ಅಷ್ಟೇ, ಪಾಠ ನಡೆಯುವುದಿಲ್ಲ. ಪರವಾನಗಿ ಕೊಡುವ ಸಂಸ್ಥೆ ಅದು. ನೀವು ಓದಿದ ಕಾಲಕ್ಕೆ ಬಿ.ಎಡ್. ಒಂದೇ ವರ್ಷದ್ದು. 2015ರಿಂದ ನಮ್ಮಲ್ಲಿ ಅದು ಎರಡು ವರ್ಷವಾಯಿತು. ಕಾಕತಾಳೀಯ ನೋಡಿ, ಒಂಟಾರಿಯೊದಲ್ಲೂ ಟೀಚರ್ ತರಬೇತಿ ನಾಲ್ಕು ಸೆಮಿಸ್ಟರ್ ಆದದ್ದು ಅದೇ 2015ರಲ್ಲಿ. ಹಾಗಾಗಿ ನಿಮ್ಮ ಓದು ಸ್ವಲ್ಪ ಕಡಿಮೆ ಬೀಳಬಹುದು, ಬಾಕಿ ಕೋರ್ಸ್ ಇಲ್ಲಿ ಮುಗಿಸಿ ಎಂದು ಹೇಳಬಹುದು. ಅದು "ಆಗುವುದಿಲ್ಲ" ಎಂದಲ್ಲ. ಇದರ ಜೊತೆಗೆ ಹೊಸದಾಗಿ ಬರುವ ಟೀಚರುಗಳಿಗೆ ಒಂದು ಗಣಿತದ ಪರೀಕ್ಷೆ ಬೇರೆ ಇಟ್ಟಿದ್ದಾರೆ. ಉಳಿದವರು ಹೆದರುವ ಪರೀಕ್ಷೆ ಅದೊಂದೇ. ನೀವು ಖುಷಿಯಾಗಿ ಬರೆಯಬಹುದಾದದ್ದೂ ಅದೊಂದೇ.

ನಿಜವಾದ ತಲೆನೋವು ಅಂಕಪಟ್ಟಿ. ನಿಮ್ಮ ಕೈಯಲ್ಲಿರುವ ಲ್ಯಾಮಿನೇಷನ್ ಮಾಡಿಸಿದ ಮಾರ್ಕ್ಸ್ ಕಾರ್ಡ್ ನಡೆಯುವುದಿಲ್ಲ. ವಿಶ್ವವಿದ್ಯಾಲಯದಿಂದಲೇ ನೇರವಾಗಿ ಆ ಸಂಸ್ಥೆಗೆ ಹೋಗಬೇಕು. ಊರಲ್ಲಿ ತಮ್ಮನೋ ಹಳೇ ಸಹೋದ್ಯೋಗಿಯೋ ಇದ್ದರೆ ಅವರಿಗೆ ಈಗಲೇ ಹೇಳಿ. ಕೌಂಟರಿನಲ್ಲಿ "ಸಾಹೇಬ್ರು ಊಟಕ್ಕೆ ಹೋಗಿದಾರೆ" ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಯುವ ಸ್ವಭಾವದವರೇ ಬೇಕು. ನನ್ನ ಕಾಗದಗಳಿಗೆ ನಮ್ಮ ಸೋದರಮಾವ ನಾಲ್ಕು ಸಲ ಅಲೆದರು. ಆ ಪುಣ್ಯಾತ್ಮ ಪ್ರತಿ ಸಲವೂ ಬುತ್ತಿ ಕಟ್ಟಿಕೊಂಡು ಹೋಗಿದ್ದರಂತೆ.

ಇದಕ್ಕೆಲ್ಲ ತಿಂಗಳುಗಳು ಬೇಕು, ವರ್ಷವೂ ಬೇಕಾಗಬಹುದು. ಅಲ್ಲಿಯವರೆಗೆ ಪಾಠವನ್ನು ಅಟ್ಟಕ್ಕೆ ಹಾಕಬೇಡಿ. ನಾನು ಹೇಳಬೇಕೆಂದಿದ್ದದ್ದೇ ಇದು. ನನ್ನ ಕಾಲದಲ್ಲಿ ನಾನು ಮಾಡಿದ ತಪ್ಪೂ ಇದೇ. ಲೈಸೆನ್ಸ್ ಬರಲಿ, ಆಮೇಲೆ ಲ್ಯಾಬ್ ಮೆಟ್ಟಿಲು ಹತ್ತುತ್ತೇನೆ ಎಂದು ಹಟ ಹಿಡಿದು ಕೂತೆ. ಪರೀಕ್ಷೆಯಲ್ಲಿ ಒಮ್ಮೆ ಫೇಲಾದಾಗ ಕೈಯಲ್ಲಿ ಬನ್ನು ಬಿಟ್ಟರೆ ಏನೂ ಉಳಿದಿರಲಿಲ್ಲ.

ಲೈಬ್ರರಿಯಲ್ಲಿ ಒಂದು ಸಂಜೆ ನೋಡಿದ್ದು ಹೇಳುತ್ತೇನೆ. ನಾನಾಗ ಅಲ್ಲಿ ಕೆಲಸಕ್ಕೆ ಸೇರಿ ತುಂಬಾ ವರ್ಷವಾಗಿತ್ತು, ಆ ಕಥೆ ಆಮೇಲೆ. ಒಬ್ಬ ತಾತ, ಎಂಟೊಂಬತ್ತು ವರ್ಷದ ಮೊಮ್ಮಗ. ತಾತ ಪಂಜಾಬಿನ ಕಡೆಯವರು, ತಲೆಗೆ ಪಗಡಿ. 756ನ್ನು 6ರಿಂದ ಭಾಗಿಸುವ ಲೆಕ್ಕ. ತಾತ ಎಡಕ್ಕೆ ಆರು ಬರೆದು, ಕಂಸ ಎಳೆದು, ಭಾಗಲಬ್ಧವನ್ನು ಬಲಗಡೆ ಬರೆಯುತ್ತಾ ಹೋದರು. ನಾವೂ ಹಾಗೇ ಕಲಿತದ್ದಲ್ವಾ. ಹುಡುಗ ಅದನ್ನು ರಬ್ಬರಿನಲ್ಲಿ ಅಳಿಸಿ ಗೆರೆಯ ಮೇಲೆ ಬರೆದ. ಇಲ್ಲಿ ಹಾಗೇ ಕಲಿಸುತ್ತಾರೆ. ತಾತ ತಲೆ ಅಲ್ಲಾಡಿಸಿ ಮತ್ತೆ ಬಲಕ್ಕೆ ಬರೆದರು. ಹುಡುಗನ ಕಣ್ಣಲ್ಲಿ ನೀರು. ಇಬ್ಬರಿಗೂ 126 ಬಂದಿತ್ತು! ಇಬ್ಬರೂ ಸರಿ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಹೋಗಿ ಬೆರಳಿಟ್ಟು ತೋರಿಸುವಷ್ಟರಲ್ಲಿ ಪೇಪರ್ ಹರಿದುಹೋಗಿತ್ತು.

ಆ ಮೇಜಿಗೆ ಬೇಕಾಗಿದ್ದದ್ದು ನೀವು. ಲೈಬ್ರರಿಯ ನಾನಲ್ಲ. ಬಲಕ್ಕೆ ಬರೆಯುವುದೂ ಗೊತ್ತು, ಮೇಲೆ ಬರೆಯುವುದನ್ನು ಒಂದು ದಿನದಲ್ಲಿ ಕಲಿಯಬಲ್ಲಿರಿ. ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂಬ ಸೂತ್ರಕ್ಕೆ ನೀವು ಬೋಡ್‌ಮಾಸ್ ಎಂದರೆ ಇಲ್ಲಿ ಬೆಡ್‌ಮಾಸ್ ಅನ್ನುತ್ತಾರೆ. ನೀವು ಲಕ್ಷಕ್ಕೆ ಅಲ್ಪವಿರಾಮ ಹಾಕುವ ಜಾಗ ಬೇರೆ, ಇಲ್ಲಿನವರು ಹಾಕುವ ಜಾಗ ಬೇರೆ. ಬ್ರಾಂಪ್ಟನ್‌ನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಇಂಥ ತಾತ, ಅಜ್ಜಿಯರಿಗೆ ಬರವಿಲ್ಲ. ನಿಮ್ಮ ಹತ್ತಿರದ ಲೈಬ್ರರಿಗೆ ಹೋಗಿ ಹೋಂವರ್ಕ್ ಹೇಳಿಕೊಡಲು ವಾಲಂಟಿಯರ್ ಬೇಕಾ ಎಂದು ಕೇಳಿ. ಒಂಟಾರಿಯೊದ ಕೆಲವು ಲೈಬ್ರರಿಗಳಲ್ಲಿ ಹೊಸಬರಿಗೆ ಸಹಾಯ ಮಾಡುವ ಸೆಟ್ಲ್‌ಮೆಂಟ್ ವರ್ಕರ್ ಕೂರುತ್ತಾರೆ, ಅವರ ಹತ್ತಿರವೂ ಮಾತಾಡಿ. ದುಡ್ಡು ಕೇಳುವುದಿಲ್ಲ.

ಇನ್ನೊಂದು ದಾರಿ ಶನಿವಾರದ ಭಾಷಾ ತರಗತಿ. ಮನೆಮಾತನ್ನು ಮಕ್ಕಳಿಗೆ ಕಲಿಸುವ ಯೋಜನೆ ಒಂಟಾರಿಯೊದಲ್ಲಿ 1977ರಿಂದ ಇದೆ. 23 ಮಕ್ಕಳ ತಂದೆತಾಯಿ ಬರೆದು ಕೇಳಿದರೆ ಸ್ಕೂಲ್ ಬೋರ್ಡ್ ಆ ಭಾಷೆಯ ತರಗತಿ ಶುರು ಮಾಡಬೇಕು. ಕಲಿಸುವವರಿಗೆ ಟೀಚರ್ ಸರ್ಟಿಫಿಕೇಟ್ ಇರಲೇಬೇಕು ಎಂದೇನಿಲ್ಲ. ನಾನು ಗಣಿತದವಳು, ಅ ಆ ಇ ಈ ಹೇಳಿಕೊಡಬೇಕಾ ಎಂದು ಮೂಗು ಮುರಿಯಬೇಡಿ. ಶಾಲೆಯ ಕಟ್ಟಡದೊಳಗೆ ಕಾಲಿಟ್ಟ ಹಾಗಾಗುತ್ತದೆ. ನಾಳೆ ಅರ್ಜಿಯಲ್ಲಿ ಬರೆಯಲು ಇಲ್ಲಿನವರ ಒಂದು ಹೆಸರೂ ಸಿಗುತ್ತದೆ. ಮಧ್ಯಾಹ್ನ ಮಕ್ಕಳು ಊಟ ಮಾಡುವಾಗ ನೋಡಿಕೊಳ್ಳುವ ಲಂಚ್‌ರೂಮ್ ಸೂಪರ್‌ವೈಸರ್ ಕೆಲಸವನ್ನೂ ವಿಚಾರಿಸಿ. ದಿನಕ್ಕೆ ಒಂದು ಗಂಟೆಯ ಚಿಲ್ಲರೆ ಕೆಲಸ ನಿಜ. ಆದರೆ ಇಲ್ಲಿನ ಮಕ್ಕಳು ದೊಡ್ಡವರ ಜೊತೆ ಹೇಗೆ ಮಾತಾಡುತ್ತಾರೆ, ಎಲ್ಲಿ ಗದರಬಾರದು, ಇದು ಯಾವ ಕೋರ್ಸಿನಲ್ಲೂ ಅಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ಮಕ್ಕಳ ಹತ್ತಿರದ ಯಾವ ಕೆಲಸಕ್ಕೂ ಪೊಲೀಸ್ ಚೆಕ್ ಕೇಳುತ್ತಾರೆ. ಅದನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಆ "ಕೆನೆಡಿಯನ್ ಎಕ್ಸ್‌ಪೀರಿಯನ್ಸ್" ಪ್ರಶ್ನೆ ನನಗೂ ಕೇಳಿದ್ದರು. ಇಲ್ಲಿನ ಕೆಲಸ ಸಿಗದೆ ಇಲ್ಲಿನ ಅನುಭವ ಎಲ್ಲಿಂದ ಬರಬೇಕು? ಈಜು ಬರುವವರೆಗೆ ನೀರಿಗಿಳಿಯಬೇಡ ಎಂದ ಹಾಗೆ. ಅದನ್ನೇ ಷರತ್ತು ಮಾಡುವುದು ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತು. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಕೆಲಸದ ಜಾಹೀರಾತಿನಲ್ಲಿ ಈ ಷರತ್ತು ಹಾಕಬಾರದು ಎನ್ನುವ ಕಾನೂನು 2026ರ ಜನವರಿ 1ರಿಂದ ಜಾರಿ. ಕಾನೂನು ಬಂದರೂ ಕೇಳುವವರು ಬೇರೆ ಮಾತಿನಲ್ಲಿ ಕೇಳುತ್ತಾರೆ ಬಿಡಿ. ಮುಂದಿನ ಸಲ ಬರೀ "ಇಲ್ಲ" ಎನ್ನಬೇಡಿ. "ಹನ್ನೊಂದು ವರ್ಷ ಪಾಠ ಮಾಡಿದ್ದೇನೆ, ಒಂದು ಲೆಕ್ಕ ಕೊಡಿ, ಬೋರ್ಡ್ ಮೇಲೆ ಮಾಡಿ ತೋರಿಸುತ್ತೇನೆ" ಅನ್ನಿ.

ಯಜಮಾನರ ವಿಷಯ. ಅವರಿಗೆ ಹೆದರಿಕೆ ಇರುವುದು ಓದಿನ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ಹಾಗಾಗಿ ಅವರ ಮುಂದೆ ಕನಸು ಎಂಬ ಪದ ತೆಗೆಯಬೇಡಿ, ಲೆಕ್ಕ ಇಡಿ. ಅದು ನಿಮಗೆ ಬರುತ್ತದೆ. ಐದು ರಾತ್ರಿಯಲ್ಲಿ ಒಂದು ರಾತ್ರಿ ಬಿಟ್ಟರೆ ಎಂಟು ಗಂಟೆಗೆ 152 ಡಾಲರ್, ತೆರಿಗೆ ಕಳೆದರೆ ಇನ್ನೂ ಕಡಿಮೆ. ವಾರಕ್ಕೆ ಅಷ್ಟು ಖೋತಾ. ಅಷ್ಟನ್ನು ಎಲ್ಲಿ ಉಳಿಸಬಹುದು, ಎಷ್ಟು ತಿಂಗಳು, ಅರ್ಜಿಗೆ ಎಷ್ಟು, ಕೋರ್ಸಿಗೆ ಎಷ್ಟು, ಒಂದು ಹಾಳೆಯಲ್ಲಿ ಬರೆದು ಕೊಡಿ. ಇಬ್ಬರೂ ಕೂತು ನೋಡಿ. ಆಗಲ್ಲ ಎಂದು ಲೆಕ್ಕವೇ ಹೇಳಿದರೆ ಆರು ತಿಂಗಳು ಮುಂದೆ ಹಾಕಿ, ಪರವಾಗಿಲ್ಲ. ಶನಿವಾರವನ್ನು ಮಾತ್ರ ಬಿಟ್ಟುಕೊಡಬೇಡಿ.

ನನ್ನ ಕಥೆ ಅರ್ಧಕ್ಕೆ ನಿಂತಿತು. ಪರೀಕ್ಷೆಗೆ ಓದಲು ಲೈಬ್ರರಿಗೆ ಹೋಗುತ್ತಿದ್ದೆ. ಮನೆಯಲ್ಲಿ ಜಾಗವಿರಲಿಲ್ಲ. ಓದುವುದಕ್ಕಿಂತ ಅಲ್ಲಿಗೆ ಬರುವವರನ್ನು ನೋಡುವುದೇ ಜಾಸ್ತಿಯಾಯಿತು. ಪುಸ್ತಕ ಜೋಡಿಸುವ ಕೆಲಸ ಖಾಲಿ ಇತ್ತು. ಅದಕ್ಕೆ ಇಲ್ಲಿ "ಪೇಜ್" ಎನ್ನುತ್ತಾರೆ. ನಮ್ಮ ಮನೆಯವರು "ಪೇಜ್ ಅಂದ್ರೆ ಹಾಳೆ, ನೀನು ಹಾಳೆಯಾದ್ಯಾ?" ಎಂದು ನಕ್ಕರು. ಆಮೇಲೆ ಕೌಂಟರಿಗೆ ಬಂದು 22 ವರ್ಷ ಕೂತೆ. ಲ್ಯಾಬಿಗೆ ಮತ್ತೆ ಹೋಗಲೇ ಇಲ್ಲ. ಸೋತು ಬಿಟ್ಟೆನೋ, ಬೇಡವೆಂದು ಬಿಟ್ಟೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಕ್ಲಿನಿಕ್ಕಿನಲ್ಲಿ ಸ್ಪಿರಿಟ್ ವಾಸನೆ ಬಂದರೆ ಎದೆಯಲ್ಲಿ ಏನೋ ಒಂಥರಾ ಆಗುತ್ತದೆ. ನಿಮಗೂ ಹೀಗೇ ಆಗಲಿ ಎಂದು ಹೇಳುತ್ತಿಲ್ಲ. ನಿಮ್ಮ ಗಣಿತ ನನ್ನ ಲ್ಯಾಬಿಗಿಂತ ಗಟ್ಟಿ. ಅದಕ್ಕೆ ಮೆಷಿನ್ನೂ ಬೇಡ, ಬಿಳಿ ಕೋಟೂ ಬೇಡ.

ಕೊನೆಗೆ ಅಮ್ಮ. ಆ ಜಾಕೆಟ್ ಹಾಕಿಕೊಂಡೇ ಒಂದು ಸಲ ಫೋನ್ ಮಾಡಿ. ಅವರಿಗೆ ಆಗ ಸಂಜೆ ಕಾಫಿ ಹೊತ್ತು, ಪುರುಸೊತ್ತಾಗಿ ಕೇಳಿಸಿಕೊಳ್ಳುತ್ತಾರೆ. ನಾನು ಬೇಕರಿಯ ವಿಷಯ ನಮ್ಮಮ್ಮನಿಗೆ ಹೇಳಲು ಒಂದು ವರ್ಷ ತೆಗೆದುಕೊಂಡೆ. ಆಗ ಫೋನಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೀಳುತ್ತಿತ್ತು. ಮೊದಲೇ ಏನೇನು ಹೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅತ್ತರೇನೋ ಎಂದುಕೊಂಡೆ.

"ಬಿಸಿ ಇರ್ತಾವೇನೇ ಬನ್ನು? ಕೈ ಸುಡಲ್ವಾ?" ಎಂದು ಕೇಳಿದರು.

"ಇಲ್ಲಮ್ಮ, ಆರಿದ ಮೇಲೇ ಪ್ಯಾಕ್ ಮಾಡೋದು" ಎಂದೆ.