ಇಂಡಕ್ಷನ್ ಸ್ಟೌ: ಉಕ್ಕಿದ ಪಾಕ, ಬಿಸಿಯಾಗುವ ಪ್ಲಗ್, ಮುದ್ದೆಯ ಎಸರು

ಪ್ರಶ್ನೆ: ಚಿಕ್ಕಿಗೆಂದು ಇಟ್ಟ ಬೆಲ್ಲದ ಪಾಕ ಉಕ್ಕಿ ಗಾಜಿನ ಮೇಲೆ ಕಪ್ಪಗೆ ಅಂಟಿದೆ. ಸ್ಟೀಲ್ ನಾರಿನಿಂದ ಉಜ್ಜಬಹುದೇ? ಪಾತ್ರೆ ಇಡುವ ಜಾಗದಲ್ಲಿ ಬಿಳಿ ಉಂಗುರವೂ ಬಿದ್ದಿದೆ.
– ಓದುಗರು, ಮದ್ದೂರು

ಉತ್ತರ: ನಾರು ಬೇಡ, ಪಾತ್ರೆ ತೊಳೆಯುವ ಒರಟು ಪುಡಿಯೂ ಬೇಡ. ಗೀರು ಬಿದ್ದರೆ ಕೊಳೆ ಅದರೊಳಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ, ಗಾಜೂ ದುರ್ಬಲವಾಗುತ್ತದೆ. ಪ್ಲಗ್ ಕಿತ್ತು, ಬಿಸಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಕಲೆಯ ಮೇಲೆ 15–20 ನಿಮಿಷ ಹಾಸಿಡಿ. ಕರಕಲಾಗದ ಬೆಲ್ಲವೆಲ್ಲ ನೆನೆದು ಬಿಡುತ್ತದೆ. ಉಳಿದ ಕಪ್ಪಿಗೆ 2 ಚಮಚ ಅಡುಗೆ ಸೋಡಾವನ್ನು 1 ಚಮಚ ನೀರಲ್ಲಿ ಕಲಸಿ ಹಚ್ಚಿ, 10 ನಿಮಿಷ ಬಿಟ್ಟು ಸ್ಪಂಜಿನ ಮೆದು ಬದಿಯಿಂದ ಉಜ್ಜಿ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆಯಲೂಬಹುದು.

ಬಿಳಿ ಉಂಗುರ ಬೋರ್‌ವೆಲ್ ನೀರಿನ ಸುಣ್ಣ. ಅದಕ್ಕೆ ಸೋಡಾ ನಾಟುವುದಿಲ್ಲ, ಹುಳಿ ಬೇಕು. ವಿನೆಗರ್ ಅಥವಾ ನಿಂಬೆರಸ ಸವರಿ 5 ನಿಮಿಷದ ನಂತರ ಒರೆಸಿ. ಸೋಡಾ ಮತ್ತು ನಿಂಬೆ ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆಯೇನೋ ಜೋರಾಗಿ ಬರುತ್ತದೆ. ಆದರೆ ಒಂದರ ಶಕ್ತಿಯನ್ನು ಇನ್ನೊಂದು ಮುರಿದಿರುತ್ತದೆ.

ಮುಂದೆ ಪಾಕ ಉಕ್ಕಿದರೆ ಪೂರ್ತಿ ಆರುವ ತನಕ ಕಾಯಬೇಡಿ. ಬೇರೆ ಕಲೆಗೆ ಕಾಯಬೇಕು, ಸಕ್ಕರೆ–ಬೆಲ್ಲಕ್ಕೆ ಮಾತ್ರ ಕಾಯಬಾರದು: ಅದು ಗಟ್ಟಿಯಾಗುವಾಗ ಗಾಜಿನ ಮೇಲ್ಪದರವನ್ನೇ ಚಕ್ಕೆಯಾಗಿ ಕೀಳಬಲ್ಲದು. ಸ್ಟೌ ಆರಿಸಿ, ಪಾತ್ರೆ ಇಳಿಸಿ, ಕೈ ಸುಡದಂತೆ ದಪ್ಪ ಬಟ್ಟೆ ಹಿಡಿದು ಬೆಚ್ಚಗಿರುವಾಗಲೇ ಒರೆಸಿ.

ಎಷ್ಟೇ ಕೊಳೆಯಿದ್ದರೂ ನೀರು ಸುರಿಯಬೇಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಸ್ಟೌ ಬಳಸಬೇಡಿ. ಉಕ್ಕಿದ ಸಾರು ಒಳಗಿಳಿದರೆ ಶಾಕ್ ಹೊಡೆಯುತ್ತದೆ.

ಪ್ರಶ್ನೆ: ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುತ್ತೇನೆ. ಸರಿಯೇ? ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ ಬಿಸಿಯಾಗುತ್ತದೆ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಸ್ಟೌನ ಬಟನ್ ಆರಿಸಿ, ಒಳಗಿನ ಫ್ಯಾನ್ ತಾನಾಗಿ ನಿಂತ ಮೇಲೆ ಗೋಡೆಯ ಸ್ವಿಚ್. ಫ್ಯಾನ್ ನಡುವೆ ನಿಂತರೆ ಪಾತ್ರೆಯಿಂದ ಗಾಜಿಗೆ ಇಳಿದ ಕಾವು ಕಾಯಿಲ್ ಮತ್ತು ಸರ್ಕ್ಯೂಟಿನ ಮೇಲೆಯೇ ಉಳಿಯುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡನ್ನು ಇಂದೇ ಬಿಡಿ. 2000 ವಾಟ್‌ನ ಸ್ಟೌ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಅದಕ್ಕೆ ಸಾಲದು. ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿಗೆ ನೇರ ಹಾಕಿ. ಅಲ್ಲೂ ಬಿಸಿಯಾದರೆ ಸಂಪರ್ಕ ಸಡಿಲವಾಗಿದೆ ಎಂದರ್ಥ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸ್ಟೌ ಅಡಿಗೆ ಬಟ್ಟೆ, ಪೇಪರ್ ಹಾಸಬೇಡಿ, ಗಾಳಿಕಿಂಡಿ ಮುಚ್ಚುತ್ತದೆ. ಬೆಚ್ಚಗಿರುವ ಆ ಕಿಂಡಿಯೆಂದರೆ ಜಿರಲೆಗಳಿಗೆ ಬಲು ಇಷ್ಟ. ಸರ್ಕ್ಯೂಟ್ ಸುಡಲು ಅವೂ ಕಾರಣ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಗುಡಿಸಿ.

ಪ್ರಶ್ನೆ: ಇದರ ಮೇಲೆ ರಾಗಿಮುದ್ದೆ ಮಾಡಬಹುದೇ?
– ಓದುಗರು, ಪಾಂಡವಪುರ

ಉತ್ತರ: ಬೇಯಿಸಬಹುದು, ತಿರುವಬಾರದು. ಅಲ್ಯೂಮಿನಿಯಂ ಪಾತ್ರೆ ನಡೆಯದು. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುವ, ಚಪ್ಪಟೆ ತಳದ ದಪ್ಪ ಸ್ಟೀಲ್ ಪಾತ್ರೆ ಬೇಕು. ಎಸರು ಕುದಿದು ಹಿಟ್ಟು ಹಾಕಿದ ಮೇಲೆ 600 ವಾಟ್ ಆಸುಪಾಸಿಗೆ ಇಳಿಸಿ, ಇಲ್ಲವಾದರೆ ಉಕ್ಕಿ ಬಟನ್‌ಗಳ ಮೇಲೆ ಹರಿಯುತ್ತದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ ಮುದ್ದೆಕೋಲು ಹಾಕಿ. ಕೋಲಿಗೆ ಕೊಡುವ ಒತ್ತಡವನ್ನು ಗಾಜು ತಾಳುವುದಿಲ್ಲ.