ಕಾನೂನು ಪ್ರಶ್ನೋತ್ತರ: ನ್ಯಾಯಾಧೀಶರ ಕುರ್ಚಿಯವರೆಗೆ

ಪ್ರಶ್ನೆ: ದಾವಣಗೆರೆಯಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷ ಓದುತ್ತಿದ್ದೇನೆ. ಸಿವಿಲ್ ಜಡ್ಜ್ ಆಗಬೇಕೆಂಬ ಆಸೆ. ಕೋಚಿಂಗ್‌ಗೆ ಬೆಂಗಳೂರಿಗೆ ಹೋಗಲೇ, ಇಲ್ಲೇ ಸೀನಿಯರ್ ವಕೀಲರ ಹತ್ತಿರ ಸೇರಲೇ?

ಉತ್ತರ: ಇಲ್ಲೇ ಸೇರಿ. ದಿನವೂ ಸಾಕ್ಷಿ ವಿಚಾರಣೆ ನಡೆಸುವ ಸೀನಿಯರ್‌ ಒಬ್ಬರನ್ನು ಹುಡುಕಿಕೊಳ್ಳಿ. ಸಿವಿಲ್ ಜಡ್ಜ್ ಹುದ್ದೆಗೆ ಕನಿಷ್ಠ 3 ವರ್ಷ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಆ ಅವಧಿ ತಾತ್ಕಾಲಿಕ ಎನ್‌ರೋಲ್‌ಮೆಂಟ್ (ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಣಿ) ದಿನದಿಂದಲೇ ಶುರು. ನೀವು ವಕೀಲಿಕೆ ಮಾಡಿದ್ದೀರೆಂದು 10 ವರ್ಷ ಅನುಭವವಿರುವ ವಕೀಲರು ಕೊಡುವ ಪ್ರಮಾಣಪತ್ರಕ್ಕೆ ನ್ಯಾಯಾಧೀಶರ ದೃಢೀಕರಣವೂ ಬೇಕು. ಆದ್ದರಿಂದ ಮೊದಲ ದಿನದಿಂದಲೇ ಸೀನಿಯರ್ ಜೊತೆ ವಕಾಲತ್ತಿಗೆ ನೀವೂ ಸಹಿ ಹಾಕಿ. ಕೇಸ್ ನಂಬರ್, ದಿನಾಂಕ, ಅಂದು ಮಾಡಿದ ಕೆಲಸ, ಎಲ್ಲವೂ ಡೈರಿಯಲ್ಲಿರಲಿ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ.

ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಒಂದು ಪತ್ರಿಕೆ, ಕಾನೂನಿನ ಮೂರು. ಕಲಂಗಳನ್ನು ಬಾಯಿಪಾಠ ಮಾಡಿದವರೂ ತೀರ್ಪು ಬರೆಯುವಾಗ ಮುಗ್ಗರಿಸುತ್ತಾರೆ. ಚನ್ನಗಿರಿ ಕಡೆಯ ಅಡಿಕೆ ತೋಟದ ದಾವೆಯೊಂದನ್ನು ಊಹಿಸಿಕೊಳ್ಳಿ. ತೋಟ ನನ್ನ ಸ್ವಾಧೀನದಲ್ಲಿದೆ, ಪಕ್ಕದವನು ಬೇಲಿ ಕಿತ್ತ ಎನ್ನುತ್ತಾನೆ ವಾದಿ. ಎರಡನ್ನೂ ಪ್ರತಿವಾದಿ ಅಲ್ಲಗಳೆಯುತ್ತಾನೆ. ಇಲ್ಲಿ ‘ಬೇಲಿ ಕಿತ್ತದ್ದು ನಿಜವೇ?’ ಎಂದು ವಿವಾದಾಂಶ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆ) ಬರೆದರೆ ತಪ್ಪು, ಬೇಲಿ ಬರೀ ಸಾಕ್ಷ್ಯ. ‘ದಾವೆಯ ದಿನದಂದು ತಾನು ದಾವಾ ಸ್ವತ್ತಿನ ಕಾನೂನುಬದ್ಧ ಸ್ವಾಧೀನದಲ್ಲಿದ್ದುದಾಗಿ ವಾದಿ ರುಜುವಾತುಪಡಿಸುವರೇ?’ ಎಂಬುದು ಮೊದಲನೆಯದು, ಪ್ರತಿವಾದಿಯ ಅಡ್ಡಿ ಎರಡನೆಯದು, ಆಮೇಲೆ ಪರಿಹಾರ. ರುಜುವಾತಿನ ಹೊಣೆ ಯಾರದೆಂದು ವಾಕ್ಯವೇ ಹೇಳಬೇಕು. ಪ್ರತಿವಾದಿ ಮಾಲೀಕತ್ವವನ್ನೇ ಗಟ್ಟಿಯಾಗಿ ಪ್ರಶ್ನಿಸಿದ್ದರೆ ಬರೀ ನಿರ್ಬಂಧಕಾಜ್ಞೆ (ಅಡ್ಡಿ ಮಾಡದಂತೆ ತಡೆಯುವ ಆದೇಶ) ಕೇಳಿದರೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕಿತ್ತೇ ಎಂಬುದನ್ನು ಚರ್ಚಿಸಿ.

ಭಾಷಾಂತರವನ್ನು ಸಲೀಸೆಂದು ಕಡೆಗಣಿಸಬೇಡಿ. ಸಾಕ್ಷಿ ‘ಕೋರಿಗೆ ಮಾಡಿದ್ದೆ’ ಎಂದರೆ ಬೆಳೆಯಲ್ಲಿ ಪಾಲು ಎಂದರ್ಥ. ಅದನ್ನು ಇಂಗ್ಲಿಷಿನಲ್ಲಿ ಹಣದ ಬಾಡಿಗೆ ಎಂದು ಬರೆದರೆ ಸಾಕ್ಷ್ಯವೇ ಬದಲಾಗಿಬಿಡುತ್ತದೆ. ಹಳೆಯ ಕಡತಗಳ ಹೇಳಿಕೆಗಳನ್ನು ದಿನಕ್ಕೊಂದು ಪುಟ ಎರಡೂ ಕಡೆಗೆ ತಿರುಗಿಸಿ ಬರೆಯಿರಿ. ಇದಕ್ಕೆ ನಿಮ್ಮ ಸೀನಿಯರ್ ಕಚೇರಿಗಿಂತ ಒಳ್ಳೆಯ ಕೋಚಿಂಗ್ ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರ ಆದೇಶಕ್ಕೇ ಫೆಡರಲ್ ನ್ಯಾಯಾಧೀಶರು ತಡೆ ಕೊಡುತ್ತಾರೆ. ಅವರನ್ನು ನೇಮಿಸಿದ ಅಧ್ಯಕ್ಷರು ತೆಗೆದುಹಾಕಲು ಆಗುವುದಿಲ್ಲವೇ? (ಚಿತ್ರದುರ್ಗದ ಓದುಗರು)

ಉತ್ತರ: ಆಗುವುದಿಲ್ಲ. ಅವರ ಧೈರ್ಯದ ಬೇರು ಇರುವುದೇ ಅಲ್ಲಿ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ನ್ಯಾಯಾಂಗ ಸಮಿತಿ ವಿಚಾರಿಸುತ್ತದೆ, ಸೆನೆಟ್ ಸರಳ ಬಹುಮತದಿಂದ ಒಪ್ಪುತ್ತದೆ. ಆ ಬಳಿಕ ‘ಸನ್ನಡತೆ ಇರುವವರೆಗೆ’ ಹುದ್ದೆ ಅವರದೇ. ಸಂಬಳವನ್ನೂ ಇಳಿಸುವಂತಿಲ್ಲ. ತೆಗೆಯಲು ಕೆಳಮನೆ ದೋಷಾರೋಪ ಹೊರಿಸಿ, ಸೆನೆಟ್‌ನಲ್ಲಿ ಹಾಜರಿರುವ ಸದಸ್ಯರ ಮೂರನೇ ಎರಡು ಭಾಗದಷ್ಟು ಮತ ಬೀಳಬೇಕು. 1789ರಿಂದ ಈವರೆಗೆ ಹೀಗೆ ಹುದ್ದೆ ಕಳೆದುಕೊಂಡವರು 8 ಮಂದಿ.

ಸಂವಿಧಾನ ಅವರಿಗೆ ವಯಸ್ಸನ್ನಾಗಲಿ ಕಾನೂನು ಪದವಿಯನ್ನಾಗಲಿ ನಿಗದಿ ಮಾಡಿಲ್ಲ. ಕಡ್ಡಾಯ ನಿವೃತ್ತಿಯೂ ಇಲ್ಲ. 65 ದಾಟಿ, ವಯಸ್ಸು ಮತ್ತು ಸೇವೆ ಕೂಡಿ 80 ಆದರೆ ‘ಸೀನಿಯರ್’ ಸ್ಥಾನಕ್ಕೆ ಸರಿಯಬಹುದು: 65ಕ್ಕೆ 15 ವರ್ಷ, 70ಕ್ಕೆ 10 ವರ್ಷ ಸೇವೆ. ಆಗ ಕಡಿಮೆ ಕೇಸು ನೋಡಿದರೆ ಸಾಕು, ಖಾಲಿಯಾದ ಜಾಗಕ್ಕೆ ಹೊಸಬರು ಬರುತ್ತಾರೆ. ಆದರೆ ದಿವಾಳಿ ಪ್ರಕರಣಗಳ ಫೆಡರಲ್ ನ್ಯಾಯಾಧೀಶರಿಗೆ 14 ವರ್ಷ, ಪೂರ್ಣಾವಧಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಿಗೆ 8 ವರ್ಷ ಮಾತ್ರ ಅವಧಿ. ಅವರಿಗೆ ಈ ಆಜೀವ ಭದ್ರತೆ ಇಲ್ಲ.

ಪ್ರಶ್ನೆ: ತಾಲ್ಲೂಕು ಕೋರ್ಟಿನಲ್ಲಿ ಸೇರಿದವರು ಹೈಕೋರ್ಟ್ ಮುಟ್ಟಬಹುದೇ?

ಉತ್ತರ: ಮುಟ್ಟಬಹುದು. ನಮ್ಮ ಸಂವಿಧಾನದ 217ನೇ ವಿಧಿ 10 ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರನ್ನೂ ಅರ್ಹರೆನ್ನುತ್ತದೆ. ಆದರೆ ಜಿಲ್ಲಾ ನ್ಯಾಯಾಧೀಶರಾಗಿ ಮೇಲೇರುವಷ್ಟರಲ್ಲಿ ವಯಸ್ಸು ಸರಿದಿರುತ್ತದೆ. ರಾಜ್ಯದಲ್ಲಿ ಅವರ ನಿವೃತ್ತಿ 60ಕ್ಕೆ, ಹೈಕೋರ್ಟಿನಲ್ಲಿ 62ಕ್ಕೆ. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಕೂಡಿ 7 ವರ್ಷವಾಗಿ, 35 ತುಂಬಿದವರು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಜಿ ಹಾಕಬಹುದೆಂದು 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಚಿಕ್ಕ ವಯಸ್ಸಿಗೇ ಸೇವೆಗೆ ಸೇರಿದವರು ಈ ದಾರಿಯನ್ನು ಬಿಡಬಾರದು.